ಹೆಸರು ಕೇಳದ ಫೋನು ಗಿರಾಕಿಯನ್ನು ಒಲಿಸಿಕೊಂಡೀತೆ?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ಮೊಬೈಲ್ ಫೋನಿನದು. ಮೊಬೈಲಿನಿಂದ ಮಕ್ಕಳು ಕೆಡುತ್ತಾರೆಯೆ ಎಂಬ ಚರ್ಚೆಯನ್ನು ನಾನು ಎತ್ತುವುದಿಲ್ಲ. ಅದರ ಮೇಲೆ ಪ್ರತಿ ಸಭೆಯಲ್ಲೂ ಬೇಕಾದಷ್ಟು ಭಾಷಣಗಳು ಆಗಿವೆ, ಮಕ್ಕಳು ಅವನ್ನು ಕೇಳುತ್ತಲೇ ಮೊಬೈಲ್ ನೋಡಿದ್ದಾರೆ. ನನ್ನ ಪ್ರಶ್ನೆ ಅಂಗಡಿಯ ಮುಂದೆ ನಿಂತವರದು. ನವಲಗುಂದದ ಕಡೆಯ ಒಬ್ಬ ರೈತ ಹತ್ತಿ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಎತ್ತಿಟ್ಟು, ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹೋಗಿದ್ದಾನೆ ಎಂದು ಇಟ್ಟುಕೊಳ್ಳಿ. ಮನೆಗೆಲ್ಲ ಇರುವುದು ಅದೊಂದೇ ಫೋನಾಗಬೇಕು. ಅಂಗಡಿಯವನು ಒಂದು ಫೋನ್ ತೋರಿಸಿ, ಇದರ ಒಳಗಿರುವುದು ಆಂಡ್ರಾಯ್ಡ್ ಅಲ್ಲ, ಬೇರೆ, ಆದರೆ ಎರಡು ಸಾವಿರ ಕಡಿಮೆ ಎನ್ನುತ್ತಾನೆ. ಆ ರೈತ ಅದನ್ನು ತೆಗೆದುಕೊಳ್ಳಬೇಕೆ? ಅಂತಹ ಫೋನ್ ನಮ್ಮ ಜನರ ಮನಸ್ಸನ್ನು ಎಂದಾದರೂ ಗೆದ್ದೀತೆ?

ಫೋನಿನ ಒಳಗಿರುವ ಮೂಲ ತಂತ್ರಾಂಶವನ್ನು ಬಲ್ಲವರು ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಪ್ಲಾಟ್‌ಫಾರ್ಮ್ ಎಂದೊಡನೆ ನಮಗೆ ನೆನಪಾಗುವುದು ರೈಲ್ವೆ ನಿಲ್ದಾಣ, ಆದ್ದರಿಂದ ಉದಾಹರಣೆಯನ್ನೂ ಅಲ್ಲಿಂದಲೇ ಕೊಡುತ್ತೇನೆ. ಅಣ್ಣಿಗೇರಿಯ ಮೇಲೆ ಹಾದುಹೋಗುವ ಹುಬ್ಬಳ್ಳಿ–ಗದಗ ಹಳಿ 1990ರ ದಶಕದವರೆಗೆ ಮೀಟರ್ ಗೇಜ್ ಆಗಿದ್ದದ್ದು ಇಲ್ಲಿರುವ ಹಿರಿಯರಿಗೆ ಗೊತ್ತು. ಹಳಿ ಬ್ರಾಡ್ ಗೇಜ್ ಆದ ಮೇಲೆ ಹಳೆಯ ಎಂಜಿನ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಮೇಲೆ ಓಡುವಂತಿರಲಿಲ್ಲ. ಮೂಲ ತಂತ್ರಾಂಶ ಹಳಿಯಿದ್ದಂತೆ. ವಾಟ್ಸಾಪ್, ಫೋನ್‌ಪೇ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಓದುವ ದೀಕ್ಷಾ, ಇವೆಲ್ಲ ಅದರ ಮೇಲೆ ಓಡುವ ಗಾಡಿಗಳು. ಒಂದು ಹಳಿಗೆಂದು ಮಾಡಿದ ಗಾಡಿಯನ್ನು ಇನ್ನೊಂದರ ಮೇಲೆ ಓಡಿಸಬೇಕಾದರೆ ಅದರ ಗಾಲಿಗಳನ್ನೇ ಬದಲಿಸಬೇಕು. ಪ್ರಯಾಣಿಕ ಹಳಿ ನೋಡಿ ಟಿಕೀಟು ತೆಗೆಸುವುದಿಲ್ಲ, ಗಾಡಿ ತನ್ನ ಊರಿಗೆ ಹೋಗುತ್ತದೆಯೆ ಎಂದು ಕೇಳಿ ತೆಗೆಸುತ್ತಾನೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಮುಂದಿನದೆಲ್ಲ ಅದಕ್ಕೆ ಸಾಕ್ಷಿ.

ಮೊದಲ ಸಾಕ್ಷಿ ನಮ್ಮ ಕರ್ನಾಟಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ತಂತ್ರಾಂಶ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಸರಳವಾದ, ಅಗ್ಗದ, ಹಲವು ಭಾಷೆ ಬಲ್ಲ ಜನರ ಗಣಕ ಎಂಬುದು ಆ ಹೆಸರಿನ ಅರ್ಥ. ಅಂಗೈಯಲ್ಲಿ ಹಿಡಿಯುವ ಯಂತ್ರ, ಮುಟ್ಟಿದರೆ ಕೆಲಸ ಮಾಡುವ ಪರದೆ, ಒಳಗೆ ಯಾರ ಸ್ವತ್ತೂ ಅಲ್ಲದ ಲಿನಕ್ಸ್. ಓದುಬರಹ ಬಾರದವರಿಗೂ ಉಪಯೋಗವಾಗಲೆಂದು ಕನ್ನಡ, ಹಿಂದಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನೂ ಅದಕ್ಕಾಗಿಯೇ ಮಾಡಿದರು. ಬಡವರಿಗೆ ತಲೆಗೊಂದು ಯಂತ್ರ ಕೊಳ್ಳಲು ಆಗದು ಎಂದು ತಿಳಿದು, ಊರಿಗೆ ಒಂದು ಯಂತ್ರ ಇರಲಿ, ಪ್ರತಿಯೊಬ್ಬರಿಗೂ ಅವರವರ ಮಾಹಿತಿ ಇಟ್ಟುಕೊಳ್ಳುವ ಒಂದು ಸ್ಮಾರ್ಟ್ ಕಾರ್ಡ್ ಇರಲಿ ಎಂದು ಯೋಚಿಸಿದರು. ವಿದ್ಯಾರ್ಥಿಗಳೆ, ಗಮನಿಸಿ, ಐಫೋನ್ ಬಂದದ್ದು ಇದಾದ ಆರು ವರ್ಷಕ್ಕೆ, 2007ರಲ್ಲಿ. ಆಂಡ್ರಾಯ್ಡ್ ಫೋನ್ ಅಂಗಡಿಗೆ ಬಂದದ್ದು 2008ರಲ್ಲಿ.

2004ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು, ಬಣ್ಣದ ಪರದೆಯದಾದರೆ ಇನ್ನೂ ಹೆಚ್ಚು. ಐವತ್ತು ಸಾವಿರ ಹೋದೀತು ಎಂದು ನಿರೀಕ್ಷಿಸಿದ್ದಲ್ಲಿ ಹೋದದ್ದು ನಾಲ್ಕು ಸಾವಿರದಷ್ಟು. ಅದೇ ಹೊತ್ತಿಗೆ, 2003ರಲ್ಲಿ, ನೋಕಿಯಾ ಕಂಪನಿ 1100 ಎಂಬ ಫೋನನ್ನು ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ತಂದಿತ್ತು. ಅದಕ್ಕೆ ಇಂಟರ್‌ನೆಟ್ ಇಲ್ಲ, ಮುಟ್ಟುವ ಪರದೆ ಇಲ್ಲ, ಕ್ಯಾಮೆರಾ ಇಲ್ಲ. ಇದ್ದದ್ದು ಒಂದು ಬ್ಯಾಟರಿ ದೀಪ. ರಾತ್ರಿ ಕರೆಂಟ್ ಹೋದ ಮೇಲೆ ಹೊಲಕ್ಕೆ ನೀರು ಬಿಡಲು ಹೋಗುವವನಿಗೆ ಆ ದೀಪ ಎಂತಹ ಆಸರೆಯಾಗಿತ್ತು ಎಂದು ನಾನು ಹೇಳಬೇಕಾಗಿಲ್ಲ. ಜಗತ್ತಿನಲ್ಲಿ ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ವಿಜ್ಞಾನಿಗಳು ಹಳ್ಳಿಯವನಿಗೆ ಏನು ಬೇಕಾಗುತ್ತದೆ ಎಂದು ಯೋಚಿಸಿದ್ದು ಸುಳ್ಳಾಗಲಿಲ್ಲ, ಇಪ್ಪತ್ತು ವರ್ಷದ ಮೇಲೆ ಅದೆಲ್ಲ ನಮಗೆ ಬೇಕಾಯಿತು. ಆದರೆ 2004ರಲ್ಲಿ ಅವನಿಗೆ ಬೇಕಿದ್ದದ್ದು ಮುಂಬಯಿಗೆ ದುಡಿಯಲು ಹೋದ ಮಗನ ಜೊತೆ ಮಾತು. ಸಿಂಪ್ಯೂಟರ್ ಮೂಲತಃ ಫೋನ್ ಆಗಿರಲಿಲ್ಲ.

ಆ ಯಂತ್ರವನ್ನು ಕರ್ನಾಟಕ ಸರಕಾರ 2004ರಲ್ಲಿ ಭೂದಾಖಲೆ ಸಂಗ್ರಹದ ಕೆಲಸಕ್ಕೆ ಬಳಸಿಕೊಂಡಿತು ಎಂಬುದನ್ನು ಇಲ್ಲಿ ನೆನೆಯಬೇಕು. ಹದಿನಾರು ವರ್ಷದ ನಂತರ, 2020ರ ಮುಂಗಾರಿನಲ್ಲಿ, ರೈತರೇ ತಮ್ಮ ಹೊಲದ ಬೆಳೆಯ ಫೋಟೋ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಹಾಕಿರಿ ಎಂದು ಅದೇ ಸರಕಾರ ಹೇಳಿತು. ಆ್ಯಪ್ ಸಿಗುತ್ತಿದ್ದದ್ದು ಗೂಗಲ್‌ನ ಪ್ಲೇ ಸ್ಟೋರಿನಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಯಂತ್ರ ಮಾಡುತ್ತಿದ್ದ ಬಗೆಯ ಕೆಲಸಕ್ಕೆ ಕುಂದಗೋಳದ ಮೆಣಸಿನಕಾಯಿ ಬೆಳೆಗಾರ ಆಂಡ್ರಾಯ್ಡ್ ಫೋನ್ ಹುಡುಕಬೇಕಾಯಿತು.

ಎರಡನೆಯ ಸಾಕ್ಷಿ ಭಾಷೆಯದು. ನಾನು ಎರಡು ಲಿಪಿ ಕಲಿಸುವವನಾದ್ದರಿಂದ ಇದರ ಮೇಲೆ ಸ್ವಲ್ಪ ಹೆಚ್ಚು ಮಾತಾಡಿದರೆ ಕ್ಷಮೆಯಿರಲಿ. ಆಂಡ್ರಾಯ್ಡಿನ ಆರಂಭದ ದಿನಗಳಲ್ಲಿ ಕನ್ನಡ ಸಂದೇಶ ಬಂದರೆ ಪರದೆಯ ಮೇಲೆ ಕಾಣುತ್ತಿದ್ದದ್ದು ಸಾಲುಸಾಲು ಚೌಕಗಳು. ಆಮೇಲೆ ಅಕ್ಷರ ಬಂದವು, ಒತ್ತಕ್ಷರ ಕೂಡುತ್ತಿರಲಿಲ್ಲ. ನಮ್ಮ ಪಕ್ಕದ ಲಕ್ಷ್ಮೇಶ್ವರದ ಹೆಸರನ್ನು ಬರೆದರೆ ಕ, ಷ, ಮ ಮೂರೂ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಇಂತಹ ಕೊರತೆ ಇದ್ದಾಗಲೇ ಸಣ್ಣವರಿಗೆ ಜಾಗ ಸಿಗುವುದು. ಮುಂಬಯಿ ಐಐಟಿಯಲ್ಲಿ ಓದಿದ ಯುವಕರು ಕಟ್ಟಿದ ಇಂಡಸ್ ಓಎಸ್ ಈ ಜಾಗವನ್ನೇ ಹಿಡಿಯಿತು. 2015ರಲ್ಲಿ ಮೈಕ್ರೋಮ್ಯಾಕ್ಸ್ ಫೋನುಗಳಲ್ಲಿ ಬಂದ ಅದರಲ್ಲಿ ಕನ್ನಡವೂ ಸೇರಿ ನಮ್ಮ ದೇಶದ ಹಲವು ಭಾಷೆಗಳಿದ್ದವು. ಇಂಗ್ಲಿಷಿನಲ್ಲಿ ಬಂದ ಸಂದೇಶವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ನಮ್ಮ ಭಾಷೆಗೆ ತಿರುಗುತ್ತಿತ್ತು. ಜಾಣತನವೆಂದರೆ ಅವರು ಹೊಸ ಹಳಿ ಹಾಕಲಿಲ್ಲ, ಆಂಡ್ರಾಯ್ಡ್ ಹಳಿಯ ಮೇಲೆಯೇ ತಮ್ಮ ಬೋಗಿ ಓಡಿಸಿದರು. ಹಾಗಾಗಿ ವಾಟ್ಸಾಪ್ ಮುಂತಾದವೆಲ್ಲ ಇದ್ದೇ ಇದ್ದವು. 2016ರ ಸುಮಾರಿಗೆ ಮಾರಾಟದ ಲೆಕ್ಕದಲ್ಲಿ ದೇಶದಲ್ಲಿ ಆಂಡ್ರಾಯ್ಡಿನ ನಂತರದ ಸ್ಥಾನ ಅದರದೇ ಎಂದು ಹೇಳುವಷ್ಟು ಬೆಳೆಯಿತು.

ಆದರೆ 2014ರ ಕೊನೆಗೆ ಬಂದ ಆಂಡ್ರಾಯ್ಡ್ 5ರಲ್ಲಿ ಗೂಗಲ್ ಕಂಪನಿ ತಾನೇ ಕನ್ನಡದಲ್ಲಿ ಮೆನು ಕೊಟ್ಟಿತ್ತು. ಆ ಆಂಡ್ರಾಯ್ಡ್ ಅಗ್ಗದ ಫೋನುಗಳಿಗೂ ಬರುತ್ತ ಬರುತ್ತ ಕೊರತೆ ತುಂಬಿತು, ಕೊರತೆಯನ್ನು ನಂಬಿದ್ದವರ ವ್ಯಾಪಾರ ತಗ್ಗಿತು. ಇಂಡಸ್‌ನವರು ಆ್ಯಪ್ ಅಂಗಡಿಯ ಕಡೆಗೆ ಹೊರಳಿದರು. 2022ರಲ್ಲಿ ಫೋನ್‌ಪೇ ಅವರನ್ನು ಕೊಂಡಿತು, 2024ರಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಹೆಸರಿನಲ್ಲಿ ಅಂಗಡಿ ತೆರೆಯಿತು.

ನಡುವೆ ಬಂದು ಹೋದವರನ್ನು ಬೇಗ ಹೇಳಿ ಮುಗಿಸುತ್ತೇನೆ. 2014ರಲ್ಲಿ ಇಂಟೆಕ್ಸ್ ಕಂಪನಿ ಫೈರ್‌ಫಾಕ್ಸ್ ಓಎಸ್ ಇರುವ ಫೋನನ್ನು ಎರಡು ಸಾವಿರ ರೂಪಾಯಿಗೆ ಮಾರಿತು. ಅಷ್ಟು ಅಗ್ಗದ ಸ್ಮಾರ್ಟ್‌ಫೋನ್ ಅದಕ್ಕೆ ಮೊದಲು ಕಂಡವರು ಕಡಿಮೆ. ಆದರೆ ವಾಟ್ಸಾಪ್ ಕಂಪನಿ ಅದಕ್ಕೆ ತನ್ನ ಆ್ಯಪ್ ಮಾಡಿಕೊಡಲಿಲ್ಲ, 2015ರ ಡಿಸೆಂಬರಿನಲ್ಲಿ ಮೊಜಿಲ್ಲಾದವರು ಫೋನಿನ ಸಹವಾಸವೇ ಬೇಡವೆಂದರು. ಅದೇ ವರ್ಷದ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನದೇ ಟೈಜೆನ್ ಹಾಕಿದ ಝಡ್1 ಫೋನನ್ನು ಭಾರತದಲ್ಲಿ 5,700 ರೂಪಾಯಿಗೆ ತಂದಿತು. ಸ್ಯಾಮ್‌ಸಂಗ್ ಎಂದರೆ ಹೆಸರಿಗೆ ಕೊರತೆಯೆ? ಆದರೂ ಫೋನಿನಲ್ಲಿ ಟೈಜೆನ್ ನಿಲ್ಲಲಿಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಅಂತೂ ಹಣಕ್ಕೂ ಹೆಸರಿಗೂ ಬರವಿಲ್ಲದ ಮನೆಯ ಮಗು. ಲೂಮಿಯಾ ಹಿಡಿದವರು ಅದನ್ನು ಹೊಗಳಿದ್ದೇ ಹೊಗಳಿದ್ದು, ಆದರೆ 2019ರ ಡಿಸೆಂಬರ್ ಕೊನೆಗೆ ಅದರಲ್ಲಿ ವಾಟ್ಸಾಪ್ ನಿಂತಿತು. ಆಮೇಲೆ ಆ ಫೋನು ಗಡಿಯಾರ ನೋಡಲು ಆಯಿತು.

ಹಾಗಾದರೆ ಹೆಸರು ಕೇಳದ ಹಳಿ ಗೆದ್ದದ್ದೇ ಇಲ್ಲವೆ? ಗೆದ್ದದ್ದಿದೆ, ನಮ್ಮ ಮನೆಗಳಲ್ಲೇ ಗೆದ್ದದ್ದಿದೆ. 2017ರ ಜುಲೈಯಲ್ಲಿ ರಿಲಯನ್ಸ್‌ನವರು ಘೋಷಿಸಿದ ಜಿಯೋಫೋನ್ ಒಳಗಿದ್ದದ್ದು ಕೈಓಎಸ್, ಅಂದರೆ ಸೋತುಹೋದ ಆ ಫೈರ್‌ಫಾಕ್ಸ್ ಓಎಸ್‌ನ ಬೇರಿನಿಂದಲೇ ಚಿಗುರಿದ ಗಿಡ. ಗುಂಡಿ ಒತ್ತುವ ಫೋನ್, 4ಜಿ ಇಂಟರ್‌ನೆಟ್, 1,500 ರೂಪಾಯಿ ಕಟ್ಟಿದರೆ ಸಾಕು, ಮೂರು ವರ್ಷದ ಮೇಲೆ ಫೋನ್ ತಿರುಗಿಸಿದರೆ ಆ ಹಣವೂ ವಾಪಸು ಎಂದರು. 2018ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಕೂಡ ಬಂತು. ಕೋಟಿಗಟ್ಟಲೆ ಜನ ಕೊಂಡರು. ಐಫೋನ್ ಬಳಸುವವರಿಗಿಂತ ಕೈಓಎಸ್ ಬಳಸುವ ಭಾರತೀಯರೇ ಹೆಚ್ಚು ಎಂಬ ಕಾಲ ಬಂತು. ಆ ಕೋಟಿ ಜನರಲ್ಲಿ ಕೈಓಎಸ್ ಎಂಬ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು? ಜಿಯೋ ಫೋನ್ ಎಂದರು, ಕಡಿಮೆ ಬೆಲೆ ಎಂದರು, ಹಾಡು ಬರುತ್ತದೆ, ಮಾತು ಪುಕ್ಕಟೆ ಎಂದರು. ಗಾಡಿ ಊರಿಗೆ ಹೋಗುತ್ತದೆ ಎಂದು ಕೊಂಡರು, ಹಳಿ ನೋಡಿ ಅಲ್ಲ.

ಊರು ಬದಲಾದಾಗ ಏನಾಗುತ್ತದೆ ಎಂಬುದನ್ನು 2020 ತೋರಿಸಿತು. ಕೊರೋನಾದಿಂದ ಶಾಲೆ ಮುಚ್ಚಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಸರಕಾರ ವಿದ್ಯಾಗಮ ಕಾರ್ಯಕ್ರಮ ತಂದಾಗ, ಫೋನೇ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಬೇಕಿತ್ತು. ಶಿಕ್ಷಕರು ಪಟ್ಟಿ ಹಿಡಿದು ಮನೆ ಮನೆಗೆ ಹೋದೆವು. ಒಂದು ಮನೆಯಲ್ಲಿ ತಾಯಿಯೊಬ್ಬರು ಗುಂಡಿಯ ಫೋನ್ ಕೈಯಲ್ಲಿಟ್ಟುಕೊಂಡು ಹೊರಗೆ ಬಂದರು. “ಇದರಾಗೂ ನೆಟ್ ಐತ್ರೀ ಸರ, ವಾಟ್ಸಾಪೂ ಬರತೈತಿ. ದೊಡ್ಡ ಫೋನ್ ಇದ್ದವರ ಸಾಲಿನ್ಯಾಗ ನಮ್ಮ ಹುಡುಗನ ಹೆಸರು ಬರೀರಿ” ಎಂದರು. ಅವರ ಮಾತು ಸುಳ್ಳಲ್ಲ, ಫೋನಿನಲ್ಲಿ ಇಂಟರ್‌ನೆಟ್ ಇತ್ತು. ಆದರೆ ಪಾಠಕ್ಕೆ ಬೇಕಾದ ಆ್ಯಪ್ ಅದರಲ್ಲಿ ಹತ್ತುತ್ತಿರಲಿಲ್ಲ, ಅಂಗೈಯಗಲವೂ ಇಲ್ಲದ ಪರದೆಯ ಮೇಲೆ ಗಣಿತದ ಲೆಕ್ಕ ಕಾಣುತ್ತಿರಲಿಲ್ಲ. ಹುಡುಗನ ಹೆಸರನ್ನು ಎರಡನೆಯ ಸಾಲಿನಲ್ಲಿ ಬರೆದೆ. ಅವನು ಚಂದನ ವಾಹಿನಿಯ ಸಂವೇದ ಪಾಠಗಳನ್ನು ಪಕ್ಕದ ಮನೆಯ ಟಿವಿಯಲ್ಲಿ ನೋಡಿದ. ಆ ತಾಯಿ ಮುಂದಿನ ವರ್ಷ ಸಾಲ ಮಾಡಿ ದೊಡ್ಡ ಫೋನ್ ತಂದರು.

ಅವರೊಬ್ಬರೇ ಅಲ್ಲ. ಫೋನ್ ಕಂಪನಿಗಳೂ ಆ ದಾರಿಯನ್ನೇ ಹಿಡಿದವು. 2021ರ ನವೆಂಬರಿನಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್ ಒಳಗೆ ಇದ್ದದ್ದು ಗೂಗಲ್ ಜೊತೆ ಸೇರಿ ಮಾಡಿದ ಆಂಡ್ರಾಯ್ಡೇ, ಹೆಸರು ಮಾತ್ರ ಪ್ರಗತಿ ಓಎಸ್. 2024ರ ಜೂನ್ ತಿಂಗಳಿನಿಂದ ಕೈಓಎಸ್ ಅಂಗಡಿಯಲ್ಲಿ ವಾಟ್ಸಾಪ್ ಹೊಸದಾಗಿ ಸಿಗುವುದು ನಿಂತಿತು.

ಇದನ್ನೆಲ್ಲ ಕೇಳಿ, ಆಂಡ್ರಾಯ್ಡ್ ಒಳ್ಳೆಯದು, ಅದಕ್ಕೇ ಗೆದ್ದಿತು ಎಂದು ನೀವು ತಿಳಿದರೆ ನನ್ನ ಮಾತು ಅರ್ಧವೇ ಮುಟ್ಟಿದಂತೆ. ಫೋನ್ ತಯಾರಕರ ಜೊತೆ ಗೂಗಲ್ ಮಾಡಿಕೊಂಡಿದ್ದ ಕರಾರುಗಳಲ್ಲಿ, ಆಂಡ್ರಾಯ್ಡನ್ನು ತಮಗೆ ಬೇಕಾದಂತೆ ಬದಲಿಸಿದ ಫೋನ್ ಮಾಡಬಾರದು, ಗೂಗಲ್ ಆ್ಯಪ್‌ಗಳನ್ನು ಗಂಟಾಗಿಯೇ ಹಾಕಬೇಕು ಎಂಬಂತಹ ಷರತ್ತುಗಳಿದ್ದವು. ಇದು ನ್ಯಾಯವಲ್ಲವೆಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು, 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. ಅಂದರೆ ಹೊಸಬರು ಸೋತದ್ದಕ್ಕೆ ಗಿರಾಕಿಯ ಇಷ್ಟಾನಿಷ್ಟ ಒಂದೇ ಕಾರಣವಲ್ಲ, ಸಂತೆಯ ಬಾಗಿಲಲ್ಲಿ ಕಾವಲೂ ಇತ್ತು.

ಚೀನಾದಲ್ಲಿ ನಡೆದದ್ದನ್ನೂ ನೋಡಿ. 2019ರಲ್ಲಿ ಅಮೆರಿಕ ನಿರ್ಬಂಧ ಹಾಕಿ ಹುವಾವೇ ಕಂಪನಿಗೆ ಗೂಗಲ್ ಸಿಗದಂತೆ ಮಾಡಿತು. ಅವರು ಹಾರ್ಮನಿ ಎಂಬ ತಮ್ಮದೇ ಹಳಿ ಹಾಕಿಕೊಂಡರು, 2024ರ ಹೊತ್ತಿಗೆ ಚೀನಾದ ಮಾರಾಟದಲ್ಲಿ ಅದು ಐಫೋನನ್ನೂ ದಾಟಿತು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಲಿಲ್ಲ? ಚೀನಾದ ಜನ ಗೂಗಲನ್ನು ಮೊದಲೇ ಬಳಸುತ್ತಿರಲಿಲ್ಲ. ಅವರ ಹಣ, ಮಾತು, ಸಂತೆ ಎಲ್ಲ ನಡೆಯುವ ಆ್ಯಪ್‌ಗಳು ಅವರ ದೇಶದವೇ, ಹೊಸ ಹಳಿಗೆ ಗಾಲಿ ಬದಲಿಸಿಕೊಂಡು ಅವು ಬಂದವು. ನಮ್ಮಲ್ಲಿ 2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಸರೆಯಲ್ಲಿ ಬೆಳೆದ ಭಾರ್‌ಓಎಸ್ ಅನ್ನು ಕೇಂದ್ರದ ಇಬ್ಬರು ಮಂತ್ರಿಗಳು ಪರೀಕ್ಷಿಸಿ ನೋಡಿದರು. ಗುಟ್ಟು ಕಾಯಬೇಕಾದ ಕಚೇರಿಗಳಿಗೆ ಅದು ತಕ್ಕದ್ದು ಎಂದರು. ಅಂತಹ ಕಡೆ ಅದು ನಡೆದೀತು. ಕಚೇರಿಯ ಗಿರಾಕಿಗೆ ಬೇಕಾದದ್ದು ಎರಡೋ ಮೂರೋ ಕೆಲಸ, ಅವನ್ನು ಮಾಡಿಕೊಟ್ಟರೆ ಸಾಕು. ನಮ್ಮ ಪಿಯುಸಿ ಹುಡುಗಿಯ ಪಟ್ಟಿ ಉದ್ದವಿದೆ.

ಆ ಪಟ್ಟಿಯನ್ನು ಉದ್ದ ಮಾಡುತ್ತಿರುವವರು ಯಾರು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ನಮ್ಮ ಮಕ್ಕಳು ಅರ್ಜಿ ಹಾಕುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅನ್ನು ತೆಗೆದುಕೊಳ್ಳಿ. ಅರ್ಜಿ ಇರುವುದು ವೆಬ್ ಪುಟದಲ್ಲಿ, ಅದನ್ನು ಕಂಪ್ಯೂಟರಿನಲ್ಲಿ ತುಂಬಬಹುದು, ಯಾವ ಫೋನಿನ ಬ್ರೌಸರಿನಲ್ಲಾದರೂ ತೆರೆಯಬಹುದು. 2024-25ನೇ ಸಾಲಿನಲ್ಲಿ ಒಂದು ಸಲದ ನೋಂದಣಿಗೆ ಮುಖ ತೋರಿಸಿ ದೃಢೀಕರಿಸುವ ಕ್ರಮ ಬಂತು, ಅದಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಿರಿ ಎಂಬ ಸೂಚನೆ ಬಂತು. ಫೋನಿಲ್ಲದ ಮಕ್ಕಳು ನೆರೆಮನೆಯವರ ಫೋನಿಗೆ ಮುಖ ತೋರಿಸಬೇಕು. ನೆರೆಯವರು ಕೊಡುತ್ತಾರೆ, ನಮ್ಮ ಹಳ್ಳಿಗಳಲ್ಲಿ ಅಷ್ಟು ಪ್ರೀತಿ ಇನ್ನೂ ಇದೆ. ಆದರೆ ಸರಕಾರದ ಕೆಲಸ ಒಂದು ಕಂಪನಿಯ ಹಳಿಯ ಮೇಲೆಯೇ ನಡೆಯುವಂತಾದರೆ ಬೇರೆ ಹಳಿ ಹಾಕುವವನಿಗೆ ಬದುಕಿಲ್ಲ, ಅಗ್ಗದ ಫೋನ್ ಹುಡುಕುವವನಿಗೆ ಆಯ್ಕೆಯಿಲ್ಲ. ಅರ್ಜಿ, ಹಾಜರಿ, ಬೆಳೆ ಲೆಕ್ಕ, ಇವು ವೆಬ್ ಪುಟದಲ್ಲೇ ಮುಗಿಯುವಂತಿದ್ದರೆ ಎರಡು ಸಾವಿರ ಕಡಿಮೆಯ ಆ ಫೋನಿಗೂ ಒಂದು ಅರ್ಥವಿರುತ್ತಿತ್ತು. ಸಂಸ್ಥೆಯ ಹಿರಿಯರು ಅಧಿಕಾರಿಗಳಿಗೆ ಮನವಿ ಕೊಡುವಾಗ ಹಾಸ್ಟೆಲ್ ಮತ್ತು ಶಿಕ್ಷಕರ ಹುದ್ದೆಯ ಜೊತೆಗೆ ಇದನ್ನೂ ಒಂದು ಸಾಲು ಸೇರಿಸಬೇಕೆಂದು ನನ್ನ ಕೋರಿಕೆ.

ಅಲ್ಲಿಯವರೆಗೆ ಕೊಳ್ಳುವವರಿಗೆ ಒಂದು ಮಾತು. ಹೆಸರು ಕೇಳದ ಕಂಪನಿ ಬೇರೆ, ಹೆಸರು ಕೇಳದ ಹಳಿ ಬೇರೆ. ಕಂಪನಿ ಸಣ್ಣದಾದರೂ ಒಳಗೆ ಆಂಡ್ರಾಯ್ಡ್ ಇದ್ದು ಪ್ಲೇ ಸ್ಟೋರ್ ತೆರೆದರೆ ನಿಮ್ಮ ಕೆಲಸ ನಡೆಯುತ್ತದೆ, ಆ ಎರಡು ಸಾವಿರವನ್ನು ಧೈರ್ಯವಾಗಿ ಉಳಿಸಿರಿ. ಕೈಬದಲಾದ ಹಳೆಯ ಫೋನ್ ಕೊಳ್ಳುವವರು ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ಆಂಡ್ರಾಯ್ಡ್ ಎಷ್ಟನೆಯದು ಎಂದು ನೋಡಲೇಬೇಕು. 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಹಿಂದಿನವುಗಳಲ್ಲಿ ವಾಟ್ಸಾಪ್ ನಡೆಯುವುದಿಲ್ಲ, ಬ್ಯಾಂಕಿನ ಆ್ಯಪ್‌ಗಳು ಇನ್ನೂ ಹೊಸದನ್ನು ಕೇಳಬಹುದು. ಹಳಿ ಅದೇ ಆದರೂ ಹಳೆಯ ಭಾಗವನ್ನು ಕಿತ್ತು ಹಾಕುತ್ತ ಹೋಗುತ್ತಾರೆ.

ಕೊನೆಗೆ ನನ್ನ ಉರ್ದು ತರಗತಿಯ ಮಾತು. ನಮ್ಮ ಉರ್ದು ಪಠ್ಯಪುಸ್ತಕಗಳು ನಸ್ತಾಲೀಕ್ ಬರಹದಲ್ಲಿವೆ, ಮೇಲಿನಿಂದ ಕೆಳಗೆ ಇಳಿಯುತ್ತ ಬಾಗುವ ಬರಹ ಅದು. ಐಫೋನಿನಲ್ಲಿ 2017ರಲ್ಲಿ ಉರ್ದುವಿಗೆ ಅದು ಬಂತು. ನಮ್ಮ ಮಕ್ಕಳ ಕೈಗೆ ಸಿಗುವ ಅಗ್ಗದ ಫೋನುಗಳಲ್ಲಿ ಉರ್ದು ಕಾಣುವುದು ಹೆಚ್ಚಾಗಿ ನೆಟ್ಟಗಿನ ನಸ್ಖ್‌ನಲ್ಲಿ. ನಾಲ್ಕನೆಯ ತರಗತಿಯ ಮಗುವಿಗೆ ಫೋನಿನಲ್ಲಿ ಉರ್ದು ಕತೆ ತೋರಿಸಿದರೆ, “ಸರ್, ಇದು ಅರಬ್ಬಿಯಾ, ಉರ್ದುವಾ?” ಎಂದು ಕೇಳುತ್ತದೆ. ಕನ್ನಡದ ಕೊರತೆ ತುಂಬಿ ಹತ್ತು ವರ್ಷದ ಮೇಲಾಯಿತು, ಇದು ಹಾಗೆಯೇ ಉಳಿದಿದೆ. ಸಣ್ಣ ಕಂಪನಿಯೊಂದಕ್ಕೆ ಕಾಲೂರಲು ಇಂತಹ ಜಾಗಗಳು ಇನ್ನೂ ಉಂಟು. ನಸ್ತಾಲೀಕ್‌ನಲ್ಲಿ ಚೆನ್ನಾಗಿ ಉರ್ದು, ಒತ್ತಕ್ಷರ ಕೂಡಿದ ಕನ್ನಡ, ಜೊತೆಗೆ ವಾಟ್ಸಾಪ್ ಮತ್ತು ವಿದ್ಯಾರ್ಥಿವೇತನದ ಆ್ಯಪ್ ಇರುವ ಅಗ್ಗದ ಫೋನನ್ನು ಯಾರಾದರೂ ತಂದರೆ, ಅದರ ಹೆಸರು ಏನೇ ಇರಲಿ, ಮೊದಲ ಗಿರಾಕಿಗಳಲ್ಲಿ ನಾನೊಬ್ಬ. ನಸ್ತಾಲೀಕ್ ಒಂದೇ ಇದ್ದು ವಾಟ್ಸಾಪ್ ಇಲ್ಲದಿದ್ದರೆ, ಉರ್ದು ಶಿಕ್ಷಕನಾದ ನಾನೂ ಅದನ್ನು ಕೊಳ್ಳಲಾರೆ.